ಬಂದ್ ಮಾಡು ತಮ್ಮಾ, ಉಂಡು ಹೋಗು

2024ರ ಡಿಸೆಂಬರ್ 30, ಸೋಮವಾರ. ಅವತ್ತೇ ಎಳ್ಳ ಅಮವಾಸಿ. ಸಿಂಧನೂರಿನಿಂದ ಮಸ್ಕಿ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದಿಷ್ಟು ಗದ್ದೆ ಇದೆ. ಮುಂಗಾರಿ ಭತ್ತ ಕೊಯ್ದು ಮೂರು ವಾರ ಆಗಿತ್ತು. ಎರಡನೇ ಬೆಳೆಯ ಸಸಿ ಮಡಿ ಆಗಲೇ ಹಸಿರಾಡುತ್ತಿತ್ತು. ಕೇಜ್ ವೀಲ್ ಹಾಕಿಕೊಂಡ ಟ್ರ್ಯಾಕ್ಟರ್ ಬೆಳಗಿನ ಆರರಿಂದ ಕೆಸರು ತುಳಿಯುತ್ತಿತ್ತು. ನಾನು ಬದುವಿನ ಮೇಲೆ ನಿಂತು ಘಳಿಗೆಗೊಮ್ಮೆ ಮೊಬೈಲಿನಲ್ಲಿ ಟೈಮ್ ನೋಡುತ್ತಿದ್ದೆ, ಯಾಕೆಂದರೆ ಬಾಡಿಗೆ ತಾಸಿನ ಲೆಕ್ಕ.

ಹನ್ನೆರಡರ ಹೊತ್ತಿಗೆ ದೊಡ್ಡವ್ವ ಬಂದಳು. ತಲೆಯ ಮೇಲೆ ಬುಟ್ಟಿ, ಅದಕ್ಕೆ ಬಿಳಿ ಅರಿವೆಯ ಮುಚ್ಚಳ. ಎಪ್ಪತ್ತು ದಾಟಿದ ಜೀವ ಊರಿಂದ ನಡೆದೇ ಬಂದಿತ್ತು. ಆಕೆಯನ್ನು ಬೈಕಿನ ಮೇಲೆ ತಂದು ಬಿಡುವಷ್ಟು ಪುರಸೊತ್ತು ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬುಟ್ಟಿಯಲ್ಲಿ ಸಜ್ಜಿ ಕಡುಬು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ. ಭೂಮಿತಾಯಿಗೆ ಉಣ್ಣಿಸುವ ಚರಗ ಚೆಲ್ಲಲು ಬಂದಿದ್ದಳು. ಸುತ್ತಲೂ ಒಮ್ಮೆ ನೋಡಿದಳು. ಚರಗ ಬೀಳಲು ಬೆಳೆಯೇ ಇರಲಿಲ್ಲ, ಬರೀ ಕೆಸರು. ಬದುವಿನ ಮೇಲೆ ಐದು ಕಲ್ಲು ಆರಿಸಿ ಇಟ್ಟಳು, ಸುಣ್ಣ ಬಳಿದಳು, ಕುಂಕುಮ ಇಟ್ಟು ಎಡೆ ಹಿಡಿದಳು. ಆಮೇಲೆ ಟ್ರ್ಯಾಕ್ಟರ್ ಹುಡುಗನನ್ನು ಕೈಮಾಡಿ ಕರೆದಳು.

“ಬಂದ್ ಮಾಡು ತಮ್ಮಾ, ಉಂಡು ಹೋಗು.”

ಅವನು ನನ್ನ ಮುಖ ನೋಡಿದ. ನಾನು ಮೊಬೈಲು ನೋಡಿದೆ.

“ತಾಸಿನ ಲೆಕ್ಕ ಐತಿ ಯವ್ವಾ, ಇಲ್ಲೇ ಕೊಡು,” ಅಂದ.

ದೊಡ್ಡವ್ವ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ಕೆಸರಿಗೆ ಇಳಿದಳು. ರೊಟ್ಟಿಯಲ್ಲಿ ಪಲ್ಯ ಸುತ್ತಿ ಅವನ ಕೈಗೆ ಕೊಟ್ಟಳು. ಒಂದು ಕೈ ಸ್ಟೀರಿಂಗಿನ ಮೇಲೆ, ಇನ್ನೊಂದರಲ್ಲಿ ರೊಟ್ಟಿ. ಎಂಜಿನ್ ಆರಲಿಲ್ಲ. ಇಪ್ಪತ್ತರ ಹುಡುಗ, ಕಣ್ಣು ಕೆಂಡದಂತೆ ಕೆಂಪಗಿದ್ದವು. ಎರಡು ರಾತ್ರಿ ಮಲಗಿಲ್ಲ ಅಂತ ಆಮೇಲೆ ಗೊತ್ತಾಯಿತು. ಭೂಮಿತಾಯಿಗೆ ಬಡಿಸಿದ ಊಟವನ್ನು ಅವನು ಹೊಗೆಯ ನಡುವೆ ನಾಕು ತುತ್ತಿನಲ್ಲಿ ನುಂಗಿದ. ದೊಡ್ಡವ್ವ ಏನೂ ಅನ್ನಲಿಲ್ಲ. ಕಾಲು ತೊಳೆದುಕೊಂಡು, ಮುಕ್ಕಾಲು ತುಂಬಿದ ಬುಟ್ಟಿಯನ್ನು ಮತ್ತೆ ತಲೆಗೇರಿಸಿ ಊರಿಗೆ ನಡೆದಳು.

ಆ ಟ್ರ್ಯಾಕ್ಟರ್ ಕರೆಸಿದವನು ನಾನು. ಆ ದಿನವೇ ಬರಬೇಕೆಂದು ಮೂರು ಸಲ ಫೋನ್ ಮಾಡಿದವನೂ ನಾನೇ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಸಿಂಧನೂರಿನವರೇ, ಮಸ್ಕಿಯವರೇ, ಲಿಂಗಸುಗೂರಿನವರೇ, ಸುಗ್ಗಿಯ ದಿನಗಳಲ್ಲಿ ಓದಲು ಪುರಸೊತ್ತಿಲ್ಲದಿದ್ದರೂ ಹತ್ತು ನಿಮಿಷ ಕೊಡಿ ಅಂತ ಕೈಮುಗಿದು ಕೇಳುತ್ತೇನೆ.

ನನ್ನ ಅವ್ವನ ತವರು ಲಿಂಗಸುಗೂರು ತಾಲೂಕಿನ ಎರೆಭೂಮಿ, ಮುದಗಲ್ಲಿನ ಆಚೆ. ಕಾಲುವೆ ಕಾಣದ ಹೊಲ. ಅಲ್ಲಿ ಎಳ್ಳ ಅಮವಾಸಿಯ ಹೊತ್ತಿಗೆ ಬಿಳಿಜೋಳ ಹೊಡೆ ತುಂಬಿಕೊಂಡು ನಿಂತಿರುತ್ತದೆ, ಕಡಲೆ ಹೂವು ಕಟ್ಟಿರುತ್ತದೆ, ಕುಸುಬೆ ಮುಳ್ಳು ಬಿಟ್ಟಿರುತ್ತದೆ. ಭೂಮಿ ತುಂಬಿದ ಬಸುರಿ. ಬಸುರಿಯ ಬಯಕೆ ತೀರಿಸುವ ದಿನವೇ ಚರಗ. ಹಿಂದಿನ ರಾತ್ರಿಯೆಲ್ಲ ಮನೆಯ ಹೆಣ್ಣುಮಕ್ಕಳು ರೊಟ್ಟಿ ಬಡಿಯುವ ಸಪ್ಪಳ. ಬೆಳಗ್ಗೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕೊರಳಿಗೆ ಗಂಟೆ ಕಟ್ಟಿ, ಬಂಡಿಯಲ್ಲಿ ಮನೆ ಮಂದಿಯನ್ನೆಲ್ಲ ಹೇರಿಕೊಂಡು ಹೊಲಕ್ಕೆ. ಬನ್ನಿಗಿಡದ ಕೆಳಗೆ ಪಾಂಡವರೆಂದು ಐದು ಕಲ್ಲು. ಪೂಜೆಯಾದ ಮೇಲೆ ಒಬ್ಬರು ಚರಗದ ಬುಟ್ಟಿ ಹಿಡಿದು ಹೊಲದ ನಾಲ್ಕೂ ಮೂಲೆಗೆ ಅನ್ನ ಚೆಲ್ಲುತ್ತಾ ಕೂಗುತ್ತಾ ಹೋಗಬೇಕು, ಹಿಂದೆ ಇನ್ನೊಬ್ಬರು ನೀರು ಚಿಮುಕಿಸುತ್ತಾ ಬರಬೇಕು. ನಮ್ಮ ಮಾವ ಕೂಗಿದರೆ ಮೂರು ಹೊಲದ ಆಚೆ ಕೇಳುತ್ತಿತ್ತು. ಹಕ್ಕಿಗೆ, ಇಲಿಗೆ, ಇರುವೆಗೆ, ಕಾಣದ ದೈವಕ್ಕೆ ಅವತ್ತು ಊಟ. ದಾರಿಯಲ್ಲಿ ಹೋಗುವವರು ಯಾವ ಜಾತಿ, ಯಾವ ಊರು ಅಂತ ಕೇಳದೆ ಕರೆಯಬೇಕು, ಕೂಡಿಸಬೇಕು, ಬಡಿಸಬೇಕು. ಉಂಡವರು ಅಲ್ಲೇ ಗಿಡದ ನೆರಳಲ್ಲಿ ಉರುಳಿಬಿಡುತ್ತಿದ್ದರು.

ಆ ಮಧ್ಯಾಹ್ನ ಒಂದು ಕೆಲಸ ತಪ್ಪದೆ ನಡೆಯುತ್ತಿತ್ತು. ಎಚ್ಚರವಾದ ಮೇಲೆ ಅಜ್ಜ ಒಬ್ಬನೇ ಎದ್ದು ಹೊಲದ ಬದುವನ್ನು ಪೂರಾ ಒಂದು ಸುತ್ತು ನಡೆಯುತ್ತಿದ್ದ. ಕೈಯಲ್ಲಿ ಕುಡುಗೋಲಿಲ್ಲ, ಕಳೆ ಕೀಳುವುದಿಲ್ಲ. ಸುಮ್ಮನೆ ನೋಡುವುದು. ಒಂದು ಕಡೆ ನಿಂತು ಜೋಳದ ಗರಿಯನ್ನು ಎರಡು ಬೆರಳ ನಡುವೆ ಹಿಡಿದು ಸವರುವುದು, ಬಿಡುವುದು, ಮುಂದೆ ನಡೆಯುವುದು. ವರ್ಷವೆಲ್ಲ ಆ ಹೊಲದಲ್ಲಿ ಬೆವರು ಹರಿಸಿದವನು ಅದನ್ನು ಕಣ್ಣು ತುಂಬ ನೋಡುತ್ತಿದ್ದದ್ದು ಆ ಒಂದು ದಿನ. ನಾನು ನನ್ನ ಗದ್ದೆಯ ಬದುವನ್ನು ಹಾಗೆ ನಡೆದು ಎಷ್ಟು ವರ್ಷವಾಯಿತು? ಪಂಪಿನ ಹತ್ತಿರ ಹೋಗಿದ್ದೇನೆ, ಔಷಧಿ ಹೊಡೆಸಲು ಹೋಗಿದ್ದೇನೆ, ಚೀಲ ಎಣಿಸಲು ಹೋಗಿದ್ದೇನೆ. ಸುಮ್ಮನೆ ನೋಡಲು ಹೋಗಿಲ್ಲ.

ಎತ್ತಿನ ಮಾತೂ ಹೇಳಬೇಕು. ನಮ್ಮ ಕಡೆ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಬಸವಣ್ಣನ ವಾರ. ಎಂಥ ಹದ ಇರಲಿ, ಮಳೆ ಹೋಗಿಬಿಡುತ್ತದೆ ಎನ್ನುವ ಆತುರ ಇರಲಿ, ಸೋಮವಾರ ನೊಗ ಕೊರಳಿಗೆ ಏರುವಂತಿಲ್ಲ. ಸಾಹುಕಾರನ ಎತ್ತಿಗೂ ಅದೇ ಕಟ್ಟು, ಬಡವನ ಎತ್ತಿಗೂ ಅದೇ ಕಟ್ಟು. ಎತ್ತಿಗೆ ರಜೆ ಸಿಕ್ಕರೆ ಅದರ ಹಿಂದೆ ನಡೆಯುವ ಮನುಷ್ಯನಿಗೂ ತಾನಾಗಿಯೇ ಸಿಗುತ್ತಿತ್ತು. ಅವನು ಹಗ್ಗ ಹೊಸೆಯುತ್ತಿದ್ದ, ಕಟ್ಟೆಗೆ ಕೂಡುತ್ತಿದ್ದ, ಮಗಳ ಊರಿಗೆ ಹೋಗಿ ಬರುತ್ತಿದ್ದ. ನಮ್ಮ ಹಿರಿಯರು ದಣಿವಾರಿಸಿಕೊಳ್ಳುವ ಹಕ್ಕನ್ನು ಯಾವ ಕಾಗದದಲ್ಲೂ ಬರೆದಿಡಲಿಲ್ಲ, ಎತ್ತಿನ ಹೆಗಲ ಮೇಲೆ ಬರೆದಿಟ್ಟರು. ಆಮೇಲೆ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿಗೆ ಸೋಮವಾರ ಇಲ್ಲ. ಯಂತ್ರ ಬಂದದ್ದರಿಂದ ನಡು ಬಗ್ಗುವ ಎಷ್ಟೋ ಕೆಲಸ ಹಗುರಾಯಿತು, ಅದಕ್ಕೆ ನಾನು ಎದುರಾಡುವವನಲ್ಲ. ಆದರೆ ಎತ್ತನ್ನು ಮಾರಿದ ದಿನ ಅದರ ಜೊತೆ ನಮ್ಮ ಸೋಮವಾರವನ್ನೂ ಸಂತೆಯಲ್ಲಿ ಬಿಟ್ಟು ಬಂದೆವು. ಅದನ್ನು ಯಾರೂ ಕಸಿದುಕೊಳ್ಳಲಿಲ್ಲ.

ಅವಸರಕ್ಕೆ ಕಾರಣ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ತುಂಗಭದ್ರೆಗೆ ಅಣೆಕಟ್ಟು ಆದದ್ದು 1953ರಲ್ಲಿ. ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ಕೊಪ್ಪಳ, ರಾಯಚೂರು ಜಿಲ್ಲೆಗಳ ನಸೀಬು ಬದಲಿಸಿತು. ಸಿಂಧನೂರು ಭತ್ತದ ಕಣಜ ಆಯಿತು. ಆದರೆ ಕಾಲುವೆಯ ನೀರಿಗೆ ತಾರೀಖಿದೆ. ಬಿಡುವ ದಿನ ನೀರಾವರಿ ಅಧಿಕಾರಿಗಳು ಹೇಳಬೇಕು, ನಿಲ್ಲಿಸುವ ದಿನವೂ ಅವರೇ ಹೇಳಬೇಕು. ಸಸಿ ನಾಲ್ಕು ದಿನ ತಡವಾದರೆ ತೆನೆ ಹಾಲು ಕಟ್ಟುವ ಹೊತ್ತಿಗೆ ಕಾಲುವೆ ಒಣಗಬಹುದು. ಕಟಾವು ಮಷಿನ್ ಒಂದು ಊರಿಗೆ ಬಂದರೆ ಎಲ್ಲರ ಗದ್ದೆಗೂ ಅದೇ ಬೇಕು. ಕೈ ತಪ್ಪಿದರೆ ಮತ್ತೆ ವಾರ. ಕೊಯ್ದ ಭತ್ತಕ್ಕೆ ಹಸಿ ಜಾಸ್ತಿ ಎಂದು ವ್ಯಾಪಾರಿ ಮೂಗು ಮುರಿಯುತ್ತಾನೆ, ಒಣಗಿಸಲು ಕಣ ಇಲ್ಲ, ರಸ್ತೆಯೇ ಕಣ. 75 ಕೆ.ಜಿ. ಚೀಲದ ರೇಟು ಬೆಳಗ್ಗೆ ಒಂದು, ಸಂಜೆ ಇನ್ನೊಂದು. ಬ್ಯಾಂಕಿನ ಸಾಲ, ಗೊಬ್ಬರದಂಗಡಿಯ ಉದ್ರಿ, ಕೈಗಡ. ಇಷ್ಟು ಕೊರಳಿಗೆ ಸುತ್ತಿಕೊಂಡವನಿಗೆ ನಿಧಾನ ಮಾಡಪ್ಪಾ ಎಂದು ಬುದ್ಧಿ ಹೇಳಲು ನನಗೆ ಬಾಯಿ ಬರುವುದಿಲ್ಲ. ನಾನೂ ಅದೇ ಕುಣಿಕೆಯಲ್ಲಿ ಇರುವವನು.

ಆದರೂ ಕೇಳುತ್ತೇನೆ. ಈ ಕಾಲುವೆಯ ಲೆಕ್ಕ ಹಾಕಿದವರು ಹೆಚ್ಚಿನ ಜಮೀನಿಗೆ ಜೋಳ, ಶೇಂಗಾ, ಹತ್ತಿಯಂಥ ಅರೆನೀರಾವರಿ ಬೆಳೆಗಳನ್ನು ಹಾಕಿದ್ದರು. ನಾವು ಭತ್ತದ ಮೇಲೆ ಭತ್ತ ಹಚ್ಚಿದೆವು. ಮೇಲಿನವರ ಎರಡನೇ ಬೆಳೆಯ ಆತುರಕ್ಕೆ ಕೊನೆಭಾಗದ ರೈತನ ಮೊದಲ ಬೆಳೆಯೇ ಒಣಗಿದ್ದುಂಟು; ಅವರು ರಸ್ತೆಗೆ ಬಂದು ಕೂತಾಗ ಬಸ್ಸಿನ ಕಿಟಕಿಯಿಂದ ನೋಡಿ ದಾಟಿಕೊಂಡು ಬಂದವರು ನಾವು. ದಣಿವಾರಲು ಬಿಡದ ಭೂಮಿ ಸವಳು ಹಿಡಿಯಿತು. ಬೆಳ್ಳಗೆ ಉಪ್ಪು ಹೂಬಿಟ್ಟ ಆ ಮೂಲೆಯ ಮಡಿಯನ್ನು ನೀವೆಲ್ಲ ನೋಡಿದ್ದೀರಿ. ಬಾಯಿಲ್ಲದ ಭೂಮಿ ಇನ್ನು ಹೇಗೆ ಹೇಳಬೇಕು?

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಲ್ಲ? ತುಂಗಭದ್ರಾ ಡ್ಯಾಮಿನ ಮೂವತ್ತಮೂರು ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಡ್ಯಾಮು ತುಂಬಿ ನಿಂತಿತ್ತು, ಗದ್ದೆಯಲ್ಲಿ ಆಗತಾನೆ ನಾಟಿ ಹಚ್ಚಿದ್ದೆವು. ಆ ಒಂದು ವಾರ ಸಿಂಧನೂರಿನಲ್ಲಿ ಯಾರ ಅಂಗಡಿಯ ಮುಂದೆ ನಿಂತರೂ ಅದೇ ಮಾತು. ಕನ್ನಯ್ಯ ನಾಯ್ಡು ಎಂಬ ಹಿರಿಯ ಎಂಜಿನಿಯರ್ ಹರಿಯುವ ನೀರಿನಲ್ಲೇ ಒಂದೊಂದಾಗಿ ತಡೆಹಲಗೆ ಇಳಿಸಿ ಆ ಬಾಯಿ ಮುಚ್ಚಿಸಿದಾಗ ಊರೂರಲ್ಲಿ ದೇವರಿಗೆ ಕಾಯಿ ಒಡೆದೆವು. ಗಂಡಸರು ಅತ್ತದ್ದನ್ನು ನೋಡಿದ್ದೇನೆ. ಆ ವಾರ ನಮಗೆ ನೀರು ನೀರಾಗಿ ಕಂಡಿತ್ತು, ಗಿಡ ಗಿಡವಾಗಿ ಕಂಡಿತ್ತು. ಮತ್ತೆ ಮಳೆಯಾಯಿತು, ಡ್ಯಾಮು ತುಂಬಿತು. ನಾಲ್ಕೂವರೆ ತಿಂಗಳ ಮೇಲೆ, ಆ ನೀರಿನಿಂದಲೇ ಉಳಿದ ಬೆಳೆಯನ್ನು ಮನೆಗೆ ತಂದ ಮೇಲೆ, ಭೂಮಿಗೆ ಒಂದು ಬುಟ್ಟಿ ಅನ್ನ ಚೆಲ್ಲಲು ನನ್ನ ಹತ್ತಿರ ಅರ್ಧ ತಾಸು ಇರಲಿಲ್ಲ.

ಇನ್ನು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುವ ಮಾತು. ಬೆಳಗಿನ ಐದಕ್ಕೆ ಸಿಂಧನೂರಿನ ಯಾವುದೇ ದಾರಿಯಲ್ಲಿ ನಿಲ್ಲಿ. ಟಂಟಂ ಗಾಡಿಗಳಲ್ಲಿ, ಗೂಡ್ಸ್ ಗಾಡಿಗಳಲ್ಲಿ ನಾಟಿ ಹಚ್ಚುವ ಹೆಣ್ಣುಮಕ್ಕಳು ಒಬ್ಬರ ಮೇಲೊಬ್ಬರು ಕೂತು ಹೋಗುತ್ತಿರುತ್ತಾರೆ, ಕೆಲವರು ಹಿಂದೆ ಜೋತುಬಿದ್ದು. ಒಣಬೇಸಾಯದ ಊರುಗಳಿಂದ ಬರುವವರು ಬಹಳ. ಎಕರೆಗೆ ಇಷ್ಟು ಎಂದು ಗುತ್ತಿಗೆ; ಎಷ್ಟು ಬೇಗ ಮುಗಿಸಿದರೆ ಅಷ್ಟು. ನಡು ಎತ್ತಿದರೆ ಕೂಲಿ ಇಳಿಯುತ್ತದೆ. ಒಮ್ಮೆ ನಮ್ಮ ಬದುವಿನ ಮೇಲೆ ಊಟಕ್ಕೆ ಕೂತ ಒಬ್ಬಾಕೆಯ ಕಾಲು ನೋಡಿದೆ. ಬೆರಳ ಸಂದಿಯೆಲ್ಲ ಕೆಸರು ತಿಂದು ಬೆಳ್ಳಗೆ ಒಡೆದಿತ್ತು. ಅಲ್ಲಿಗೆ ಬಟ್ಟೆಯ ಚೂರು ಸಿಕ್ಕಿಸಿಕೊಂಡಿದ್ದಳು. “ನೋಯಂಗಿಲ್ಲೇನು ತಂಗಿ?” ಅಂದರೆ, “ಸುಗ್ಗಿ ಮುಗಿದ ಮ್ಯಾಲೆ ನೋಯ್ತೈತ್ರಿ ಅಣ್ಣಾ, ಈಗ ಎಲ್ಲಿ ಟೈಮೈತಿ,” ಅಂದಳು. ನೋವಿಗೂ ಆಕೆ ತಾರೀಖು ಕೊಟ್ಟಿದ್ದಳು.

ಲಿಂಗಸುಗೂರು ತಾಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ. ಅಲ್ಲಿ ನೆಲದ ಕೆಳಗೆ ಪಾಳಿಯಲ್ಲಿ ದುಡಿಯುವ ಕಾರ್ಮಿಕನಿಗೆ ವಾರದಲ್ಲಿ ಆರು ದಿನಕ್ಕಿಂತ ಹೆಚ್ಚು ಕೆಲಸ ಮಾಡಿಸಬಾರದು ಎಂದು 1952ರ ಗಣಿ ಕಾಯ್ದೆಯೇ ಹೇಳಿತ್ತು. ಅದಕ್ಕಾಗಿ ಎಷ್ಟೋ ದೇಶಗಳಲ್ಲಿ ಕಾರ್ಮಿಕರು ಹೋರಾಡಿದ್ದಾರೆ, ಸತ್ತಿದ್ದಾರೆ. ಚಿನ್ನ ತೆಗೆಯುವವನಿಗೆ ಸಿಕ್ಕ ಆ ಒಂದು ದಿನ ಅನ್ನ ಬೆಳೆಯುವವಳಿಗೆ ಯಾಕಿಲ್ಲ? ಹೊಲದಲ್ಲಿ ಆಕೆಯ ರಜೆಯ ಲೆಕ್ಕ ಕೇಳಲು ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ಕಾಯ್ದೆ ಅಂದರೆ ನಮ್ಮ ಮನಸ್ಸಾಕ್ಷಿ. ನಿಧಾನ ಅಂದರೆ ಉಳ್ಳವರ ಮನೆಯ ಜೋಕಾಲಿ ಎಂದುಕೊಂಡರೆ ಅದು ದೊಡ್ಡ ಅನ್ಯಾಯ. ನಾವು ಕೂತು ಉಣ್ಣುವಾಗ ನಮ್ಮ ಗದ್ದೆಯಲ್ಲಿ ಇನ್ನೊಬ್ಬರು ಬಗ್ಗಿಕೊಂಡೇ ಇದ್ದರೆ ಆ ಊಟ ಚರಗವಲ್ಲ.

ಕಾಯಕದ ಹೆಸರಿನಲ್ಲಿ ಈ ಓಟವನ್ನು ಸಮರ್ಥಿಸುವವರಿದ್ದಾರೆ. ದುಡಿಮೆಯೇ ದೇವರು ಅಂದಮೇಲೆ ನಿಲ್ಲುವುದೆಲ್ಲಿ ಎನ್ನುತ್ತಾರೆ. ಅವರಿಗೆ ಒಂದು ನೆನಪು ಮಾಡಿಕೊಡಬೇಕು. ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ ಆಯ್ದಕ್ಕಿ ಮಾರಯ್ಯ ನಮ್ಮವನೇ, ಲಿಂಗಸುಗೂರು ತಾಲೂಕಿನ ಅಮರೇಶ್ವರದವನು. ಗಂಡಹೆಂಡಿರು ಹನ್ನೆರಡನೇ ಶತಮಾನದಲ್ಲಿ ಕಲ್ಯಾಣಕ್ಕೆ ಹೋದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ನೋಡಿದಳು, ಇಷ್ಟೇಕೆ ಎಂದು ಕೇಳಿದಳು, ನಮಗೆ ಬೇಕಾದಷ್ಟು ಇಟ್ಟು ಉಳಿದದ್ದನ್ನು ತಂದಲ್ಲೇ ಸುರಿದು ಬಾ ಎಂದು ಗಂಡನನ್ನು ಕಳಿಸಿದಳು. ಕಾಯಕದ ಮಾತನ್ನು ಗೋಡೆಗೆ ಬರೆಸಿಕೊಂಡೆವು, ಲಕ್ಕಮ್ಮನ ‘ಸಾಕು’ ಬಿಟ್ಟೆವು. ಚೆಲ್ಲಿದ ಅಕ್ಕಿಗೇ ಅಳತೆ ಇಟ್ಟ ಆ ಹೆಣ್ಣುಮಗಳ ಸೀಮೆಯಲ್ಲಿ ಇವತ್ತು ಭತ್ತ ರಸ್ತೆಯುದ್ದಕ್ಕೂ ಬಿದ್ದಿದೆ. ಅದರ ಅಂಚಿಗೆ ಇಟ್ಟ ಕಲ್ಲು ರಾತ್ರಿ ಕಾಣದೆ ಬೈಕಿನ ಹುಡುಗರು ಬೀಳುತ್ತಾರೆ. ಹಿಂದಿನ ದೀಪವಿಲ್ಲದ ಟ್ರಾಲಿಗಳು ಕತ್ತಲಲ್ಲಿ ನಿಂತಿರುತ್ತವೆ. ನಿದ್ದೆಗೆಟ್ಟ ಡ್ರೈವರ್ ಒಂದು ಕ್ಷಣ ಕಣ್ಣು ಮುಚ್ಚಿದರೆ ಒಂದು ಮನೆಯ ದೀಪ ಆರುತ್ತದೆ. ಇದನ್ನು ಸುಗ್ಗಿ ಅನ್ನುವುದು ಹೇಗೆ?

ನಿಂತು ಕೇಳಬೇಕಾದ ಇನ್ನೊಂದು ಹಳೆಯ ಮಾತೂ ನಮ್ಮ ಸೀಮೆಯಲ್ಲೇ ಇದೆ. ಮಸ್ಕಿಯ ಗುಡ್ಡದ ಬಂಡೆಯಲ್ಲಿ ಅಶೋಕನ ಶಾಸನ ಸಿಕ್ಕಿದ್ದು 1915ರಲ್ಲಿ. ಬೀಡನ್ ಎಂಬ ಎಂಜಿನಿಯರ್ ಚಿನ್ನ ಹುಡುಕಿಕೊಂಡು ಆ ಕಡೆ ಬಂದಿದ್ದ. ದೇವಾನಾಂಪ್ರಿಯ ಎನ್ನುವವನು ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಕಲ್ಲು ಅದು. ಅಂಥ ಕಲ್ಲು ಅಲ್ಲಿಯವರೆಗೆ ಎಲ್ಲೂ ಸಿಕ್ಕಿರಲಿಲ್ಲ. ಆ ಕಲ್ಲಿನ ಮಾತು ಸರಳ: ಧರ್ಮದ ದಾರಿಯ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನಿಗೂ ಅದು ದಕ್ಕುತ್ತದೆ ಎಂದು ಇಬ್ಬರಿಗೂ ತಿಳಿಸಿ. ಕಳಿಂಗದಲ್ಲಿ ಗೆದ್ದೂ ಮರುಗಿದ ಅರಸನ ಮಾತು. ಆ ಕಲ್ಲಿನ ಪಕ್ಕದ ದಾರಿಯಲ್ಲಿ ನೂರಾರು ಸಲ ಭತ್ತದ ಲೋಡಿನ ಹಿಂದೆ ಓಡಿದ್ದೇನೆ. ಒಮ್ಮೆಯೂ ಇಳಿದಿರಲಿಲ್ಲ. ಆ ಅಮವಾಸಿಯ ಮರುದಿನ ಇಳಿದೆ, ಕೂತೆ.

ನಿಲ್ಲುವುದು ನಮಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಮುದಗಲ್ಲಿನ ಮೊಹರಂಗೆ ಹಿಂದೂ ಮುಸ್ಲಿಂ ಎನ್ನದೆ ಎಲ್ಲೆಲ್ಲಿಗೋ ದುಡಿಯಲು ಹೋದವರು ಊರಿಗೆ ಮರಳುತ್ತಾರೆ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ಸಂಕ್ರಾಂತಿಗೆ ಕೆಲಸ ನಿಲ್ಲುತ್ತದೆ. ಸಿಂಧನೂರು ತಾಲೂಕಿನ ಬಂಗಾಳಿ ಕ್ಯಾಂಪುಗಳಲ್ಲಿ, ಎಲ್ಲ ಕಳೆದುಕೊಂಡು ಬಂದು ಸೊನ್ನೆಯಿಂದ ಬದುಕು ಕಟ್ಟಿದವರು, ದುರ್ಗಾಪೂಜೆಯ ದಿನಗಳನ್ನು ಯಾವ ಬೆಳೆಗೂ ಬಿಟ್ಟುಕೊಡುವುದಿಲ್ಲ. ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಯಲ್ಲಿ ನಮ್ಮ ಜನ ಎಷ್ಟು ಹೊತ್ತು ಬೇಕಾದರೂ ಸಾಲಿನಲ್ಲಿ ನಿಲ್ಲುತ್ತಾರೆ.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಸುಗ್ಗಿಯಲ್ಲಿ ವಾರಕ್ಕೊಂದು ದಿನ, ಸಾಧ್ಯವಾದರೆ ಸೋಮವಾರವೇ, ಎಂಜಿನ್ ಆರಲಿ. ವರ್ಷಕ್ಕೊಂದು ಎಳ್ಳ ಅಮವಾಸಿ ಪೂರಾ ಆರಲಿ. ಟ್ರ್ಯಾಕ್ಟರ್, ಕಟಾವು ಮಷಿನ್ ಇಟ್ಟವರೇ, ನಿಮ್ಮ ಹುಡುಗನ ಕಣ್ಣು ನೋಡಿ, ಮೀಟರ್ ಆಮೇಲೆ ನೋಡಿ. ಹತ್ತೆಕರೆ, ಇಪ್ಪತ್ತೆಕರೆ ಇರುವವರೇ, ಮೊದಲು ನಿಲ್ಲಬೇಕಾದವರು ನೀವು. ಎರಡೆಕರೆಯವನು ಒಬ್ಬನೇ ನಿಂತರೆ ಮುಳುಗುತ್ತಾನೆ, ನೀವು ನಿಂತರೆ ಅವನೂ ನಿಲ್ಲಬಲ್ಲ. ಆ ದಿನದ ಕೂಲಿ ಕೊಟ್ಟು ನಿಲ್ಲಿ. ಕೂಲಿ ಕೊಡದ ರಜೆ ಉಪವಾಸದ ಇನ್ನೊಂದು ಹೆಸರು. ನಾಟಿಯವರನ್ನು ಚರಗಕ್ಕೆ ಕರೆಯಿರಿ, ನಿಮ್ಮ ಮನೆಯವರ ಸಾಲಿನಲ್ಲೇ ಕೂಡಿಸಿ, ನೀವೇ ಬಡಿಸಿ. ಅಂಗಡಿಯ ಅಣ್ಣಂದಿರೇ, ಅಡತಿಯವರೇ, ಅವತ್ತು ಒಂದು ದಿನ ಕಾಟಾ ಮುಚ್ಚಿದರೆ ನಿಮ್ಮ ತಿಜೋರಿ ಬಡವಾಗುವುದಿಲ್ಲ. ಮೇಷ್ಟ್ರೇ, ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ಹೊಡೆ ತುಂಬಿದ ಜೋಳ ಯಾವುದು, ಹಾಲು ತುಂಬಿದ್ದು ಯಾವುದು ಎಂದು ಮುಟ್ಟಿಸಿ. ಬೆಂಗಳೂರಿಗೆ ಗುಳೆ ಹೋದ ತಮ್ಮಂದಿರೇ, ತಂಗಿಯರೇ, ಊರಿಗೆ ಬರಲಾಗದಿದ್ದರೆ ಅವತ್ತು ಕಟ್ಟಡದ ನೆರಳಲ್ಲಿ ಕೂತು ಒಂದು ತುತ್ತು ಹಕ್ಕಿಗೆ ಚೆಲ್ಲಿರಿ, ಮನೆಗೆ ಫೋನ್ ಮಾಡಿರಿ.

2025ರ ಜನವರಿ 6, ಮುಂದಿನ ಸೋಮವಾರ. ಗದ್ದೆಯ ಕೆಲಸ ಅರ್ಧವೇ ಆಗಿತ್ತು. ಅದೇ ಹುಡುಗ ಅದೇ ಹೊತ್ತಿಗೆ ಬಂದ. ನಾನು ಬೆಳಗ್ಗೆಯೇ ಟ್ರ್ಯಾಕ್ಟರ್ ಮಾಲೀಕರಿಗೆ ಫೋನ್ ಮಾಡಿ ದಿನದ ಬಾಡಿಗೆ ಕೊಡುವುದಾಗಿ ಹೇಳಿದ್ದೆ. ಹುಡುಗನಿಗೆ ನಂಬಿಕೆ ಬರಲಿಲ್ಲ. “ಕೀಲಿ ತೆಗಿ,” ಅಂದೆ. ಎಂಜಿನ್ ಆರಿತು. ಮೊದಲು ಕಿವಿಯಲ್ಲಿ ಗುಯ್ಯೆನ್ನುವುದು ಮಾತ್ರ ಇತ್ತು. ಸ್ವಲ್ಪ ಹೊತ್ತಿಗೆ ತೂಬಿನಲ್ಲಿ ನೀರು ಬೀಳುವ ಸಪ್ಪಳ ಕೇಳಿತು. ಅಲ್ಲಿ ನೀರಿಗೆ ಸಪ್ಪಳ ಇದೆ ಎನ್ನುವುದನ್ನೇ ನಾನು ಮರೆತಿದ್ದೆ. ಬೆಳ್ಳಕ್ಕಿಗಳು ಕೆಸರಿಗೆ ಇಳಿದವು. ದೊಡ್ಡವ್ವನನ್ನು ಈ ಸಲ ಬೈಕಿನ ಮೇಲೆ ನಾನೇ ಕರೆತಂದೆ. ಬುಟ್ಟಿಯಲ್ಲಿ ಹಬ್ಬದಡಿಗೆ ಇರಲಿಲ್ಲ, ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು. ಹುಡುಗ ಬೇವಿನ ಗಿಡದ ಕೆಳಗೆ ಕೂತು ಎರಡು ರೊಟ್ಟಿ ಉಂಡ, ಮೂರನೆಯದಕ್ಕೆ ಕೈ ಚಾಚುವ ಹೊತ್ತಿಗೆ ಕೂತಲ್ಲೇ ನಿದ್ದೆ ಹೋದ. ದೊಡ್ಡವ್ವ ಅವನ ತಲೆಯ ಕೆಳಗೆ ಸಿಂಬಿ ಇಟ್ಟಳು, ಮೂರನೆಯ ರೊಟ್ಟಿಗೆ ಅರಿವೆ ಮುಚ್ಚಿ ಇರುವೆ ಬಾರದ ಹಾಗೆ ಕಲ್ಲಿನ ಮೇಲಿಟ್ಟಳು. ನಾನು ಗದ್ದೆಯ ಬದುವನ್ನು ಒಂದು ಸುತ್ತು ನಡೆದು ಬಂದೆ. ಹೊತ್ತು ಇಳಿಯುವವರೆಗೂ ಅವನು ಮಲಗಿದ್ದ. ಯಾರೂ ಎಬ್ಬಿಸಲಿಲ್ಲ.